ಬಾತ್‌ರೂಮಿನಲ್ಲಿ ಸಿಕ್ಕ ಯುಎಸ್‌ಬಿ: ಇಯರ್ ಝೀರೋ ಆಟ ಬರೀ ಜಾಹೀರಾತಾ, ಇಲ್ಲಾ ಹಾಡಿನದೇ ಭಾಗವಾ?

ಕಪ್ಪುಬಿಲ್ಲೆ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮೈಸೂರಿನ ಮನೆಯ ಅಟ್ಟ ಕ್ಲೀನ್ ಮಾಡುವಾಗ ಅಕ್ಕನ ಹಳೇ ಸಿಡಿಗಳ ಡಬ್ಬ ಸಿಕ್ಕಿತು. ಅದರಲ್ಲಿ ಅಮೆರಿಕದ ರಾಕ್ ಬ್ಯಾಂಡ್ ನೈನ್ ಇಂಚ್ ನೇಲ್ಸ್‌ನ ಇಯರ್ ಝೀರೋ ಆಲ್ಬಂ ಇತ್ತು. ಸೋದರಮಾವ ಆಗ ಅಮೆರಿಕದಿಂದ ತಂದುಕೊಟ್ಟಿದ್ದಂತೆ. ಬಿಲ್ಲೆ ಪೂರ್ತಿ ಕಪ್ಪು. ಅಪ್ಪನ ಹಳೇ ಪ್ಲೇಯರ್‌ಗೆ ಹಾಕಿ ಪೂರ್ತಿ ಕೇಳಿದೆ. ತೆಗೆದು ನೋಡಿದರೆ ಬಿಲ್ಲೆ ಬೆಳ್ಳಗಾಗಿದೆ, ಮೇಲೆ ಸಣ್ಣ ಸಣ್ಣ ಅಂಕಿ! ಹಾಳು ಮಾಡಿಬಿಟ್ಟೆ ಅಂತ ಹೆದರಿ ಅಕ್ಕನಿಗೆ ಫೋನ್ ಮಾಡಿದೆ. ಅವಳು ಐದು ನಿಮಿಷ ನಕ್ಕಳು. ಆಮೇಲೆ "ಅದು ಹಾಗೇ ಆಗಬೇಕು ಕಣೋ, ತಣ್ಣಗಾಗೋಕೆ ಬಿಡು, ಮತ್ತೆ ಕಪ್ಪಾಗುತ್ತೆ" ಅಂದಳು. ನಿಜವಾಗಿಯೂ ಆಯಿತು.

ಆಮೇಲೆ ಅವಳು ಹೇಳಿದ ಕಥೆ ಕೇಳಿ ತಲೆ ತಿರುಗಿತು. ಟೀ ಶರ್ಟ್ ಮೇಲೆ ಗುಪ್ತ ಸಂದೇಶ, ಬಾತ್‌ರೂಮಿನಲ್ಲಿ ಯುಎಸ್‌ಬಿ, ಭವಿಷ್ಯದಿಂದ ಬಂದ ವೆಬ್‌ಸೈಟು. ಎಲ್ಲ ಸೇರಿ ಅಭಿಮಾನಿಗಳು ಸುಳಿವು ಹುಡುಕುವ ಒಂದು ಆಟವಂತೆ. ಅವಳು ಆಗ ಕಾಲೇಜು ಮುಗಿಸಿ ಸೈಬರ್ ಸೆಂಟರ್‌ನಲ್ಲಿ ಕೂತು ಇದನ್ನೇ ಓದುತ್ತಿದ್ದಳಂತೆ.

ನನ್ನ ಪ್ರಶ್ನೆ ಎರಡು. ಇದೆಲ್ಲ ನಿಜವಾಗಿ ಹೇಗೆ ನಡೆಯಿತು? ಆಲ್ಬಂ ಮಾರಲು ಮಾಡಿದ ಗಿಮಿಕ್ಕಾ, ಇಲ್ಲಾ ಹಾಡುಗಳನ್ನು ಕೇಳಲು ಇದೂ ಬೇಕಾ? ಆ ಕಾಲದಲ್ಲಿ ಇದನ್ನು ಹಿಂಬಾಲಿಸಿದವರು ಯಾರಾದರೂ ಇದ್ದೀರಾ?

ದಾಸವಾಳ

ಇಲ್ಲಿ ಒಬ್ಬರು ಇದ್ದಾರೆ, ಅವರು ಬಂದರೆ ರಾತ್ರಿ ಪೂರ್ತಿ ಬರೆಯುತ್ತಾರೆ. @ಹಳೇವಾಕ್‌ಮನ್ ಬನ್ನಿ ಬನ್ನಿ.

ಹಳೇವಾಕ್‌ಮನ್

ಬಂದೆ! ಈ ವಿಷಯ ಯಾರಾದರೂ ಕೇಳಲಿ ಅಂತ ಎಷ್ಟು ವರ್ಷದಿಂದ ಕಾಯುತ್ತಿದ್ದೆ.

ಶುರುವಾಗಿದ್ದು 2007ರ ಫೆಬ್ರವರಿಯಲ್ಲಿ. ಬ್ಯಾಂಡ್ ಯುರೋಪ್ ಪ್ರವಾಸದಲ್ಲಿತ್ತು. ಅಲ್ಲಿ ಮಾರುತ್ತಿದ್ದ ಟೀ ಶರ್ಟ್‌ನ ಬೆನ್ನಿನ ಮೇಲೆ ಊರು, ತಾರೀಕುಗಳ ಪಟ್ಟಿ. ಎಲ್ಲ ಬ್ಯಾಂಡ್‌ಗಳ ಟೀ ಶರ್ಟ್‌ನಲ್ಲೂ ಇರುವ ಹಾಗೆ. ಆದರೆ ಕೆಲವು ಅಕ್ಷರ ಮಾತ್ರ ಸ್ವಲ್ಪ ದಪ್ಪ. ಅವನ್ನು ಜೋಡಿಸಿದರೆ "ಐ ಆಮ್ ಟ್ರೈಯಿಂಗ್ ಟು ಬಿಲೀವ್" ಅಂತ ಬರುತ್ತಿತ್ತು. ಅಂದರೆ ನಂಬಲು ಪ್ರಯತ್ನಿಸುತ್ತಿದ್ದೇನೆ. ಯಾರೋ ಇದೇ ಹೆಸರಿನ ವೆಬ್‌ಸೈಟ್ ಇದೆಯಾ ಅಂತ ಟೈಪ್ ಮಾಡಿ ನೋಡಿದರು. ಇತ್ತು! ಅದರಲ್ಲಿ ಬ್ಯಾಂಡ್ ಹೆಸರೇ ಇಲ್ಲ. ಸರ್ಕಾರ ಕುಡಿಯುವ ನೀರಿಗೆ ಪ್ಯಾರೆಪಿನ್ ಅನ್ನುವ ಔಷಧ ಬೆರೆಸುತ್ತಿದೆ, ಜೈವಿಕ ದಾಳಿಯಿಂದ ಕಾಪಾಡಲು ಅಂತ ಹೇಳುತ್ತಿದ್ದಾರೆ, ಆದರೆ ಜನ ಮಂಕಾಗುತ್ತಿದ್ದಾರೆ ಅಂತ ಒಬ್ಬ ಮನುಷ್ಯ ಬರೆದ ಪುಟ ಅದು.

ಅದೇ ಹೊತ್ತಿಗೆ ಪೋರ್ಚುಗಲ್‌ನ ಲಿಸ್ಬನ್ ಕಾರ್ಯಕ್ರಮದಲ್ಲಿ ಬಾತ್‌ರೂಮಿನಲ್ಲಿ ಒಂದು ಯುಎಸ್‌ಬಿ ಸಿಕ್ಕಿತು. ಅದರೊಳಗೆ ಯಾರೂ ಕೇಳಿರದ ಹೊಸ ಹಾಡು, ಮೈ ವಯೊಲೆಂಟ್ ಹಾರ್ಟ್. ಆಮೇಲೆ ಬಾರ್ಸಿಲೋನಾದಲ್ಲಿ ಇನ್ನೊಂದು, ಮ್ಯಾಂಚೆಸ್ಟರ್‌ನಲ್ಲಿ ಮತ್ತೊಂದು. ಸಿಕ್ಕವರು ಇಂಟರ್ನೆಟ್‌ಗೆ ಹಾಕಿದರು. ಒಂದೇ ದಿನದಲ್ಲಿ ಜಗತ್ತಿನ ಎಲ್ಲ ಅಭಿಮಾನಿಗಳ ಹತ್ತಿರ ಹಾಡು ಇತ್ತು. ತಮಾಷೆ ಅಲ್ಲ, ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಆರ್‌ಐಎಎ ಹಾಡು ಹಾಕಿದ ಸೈಟ್‌ಗಳಿಗೆ ತೆಗೆಯಿರಿ ಅಂತ ನೋಟಿಸ್ ಕಳಿಸಿತು. ಬ್ಯಾಂಡೇ ಬೇಕೂ ಅಂತ ಬಿಟ್ಟುಹೋದ ಹಾಡಿಗೆ!

ಆಗ ನಾನು ಬೆಂಗಳೂರಿನಲ್ಲಿ ಹೊಸ ಕೆಲಸಕ್ಕೆ ಸೇರಿದ್ದೆ. ನಾಲ್ಕು ಜನ ಇದ್ದ ರೂಮಿನಲ್ಲಿ ಒಂದೇ ಕಂಪ್ಯೂಟರ್. ಒಬ್ಬರಾದ ಮೇಲೆ ಒಬ್ಬರು ಓದಿ, ಏನೇನು ಹೊಸದು ಸಿಕ್ಕಿತು ಅಂತ ಗೋಡೆಯ ಮೇಲಿನ ಕ್ಯಾಲೆಂಡರ್ ಹಿಂದೆ ಬರೆದಿಡುತ್ತಿದ್ದೆವು.

ಹಳೇವಾಕ್‌ಮನ್

ಮುಂದುವರಿಸುತ್ತೇನೆ. ಹುಡುಕುತ್ತಾ ಹೋದಂತೆ ಸೈಟ್‌ಗಳು ಹೆಚ್ಚುತ್ತಾ ಹೋದವು. ನನಗೆ ಇವತ್ತಿಗೂ ಮರೆಯದ್ದು ಒಂದು. ಪುಟ ತೆರೆದರೆ ಹಸಿರು ಹೊಲ, ನೀಲಿ ಆಕಾಶ, ಚೆಂದದ ಚಿತ್ರ. ಮೌಸ್ ಒತ್ತಿ ಉಜ್ಜಿದರೆ ಆ ಬಣ್ಣವೆಲ್ಲ ಸುಣ್ಣದ ಹಾಗೆ ಉದುರಿ ಕೆಳಗೆ ಬೂದಿ ಬಣ್ಣದ ಇನ್ನೊಂದು ಲೋಕ ಕಾಣುತ್ತಿತ್ತು. ಯಾರೂ ಉಜ್ಜಿ ಅಂತ ಹೇಳಿರಲಿಲ್ಲ.

ಕಥೆ ಏನಪ್ಪಾ ಅಂದರೆ, ಅದು 2022ರ ಅಮೆರಿಕ. ಧರ್ಮದ ಹೆಸರಿನ ಸರ್ಕಾರ, ಬ್ಯೂರೋ ಆಫ್ ಮೊರಾಲಿಟಿ ಅನ್ನುವ ಇಲಾಖೆ, ಯುದ್ಧ, ಆಕಾಶದಿಂದ ಇಳಿಯುವ ದೊಡ್ಡ ಕೈ. ಆ ವರ್ಷವನ್ನೇ ಅವರು ಸೊನ್ನೆಯ ವರ್ಷ ಅಂತ ಕರೆಯುತ್ತಾರೆ. ಅಲ್ಲಿನ ಕೆಲವರು ಹಿಂದಿನ ಕಾಲಕ್ಕೆ, ಅಂದರೆ 2007ಕ್ಕೆ, ಎಚ್ಚರಿಕೆ ಕಳಿಸುತ್ತಿದ್ದಾರೆ. ನಾವು ನೋಡುತ್ತಿದ್ದ ಸೈಟ್‌ಗಳೇ ಆ ಎಚ್ಚರಿಕೆ. ಹಾಡುಗಳಲ್ಲಿ ಒಬ್ಬ ಸೈನಿಕ ಮಾತಾಡುತ್ತಾನೆ, ಒಬ್ಬ ನಂಬಿಕೆ ಕಳೆದುಕೊಂಡವನು ಮಾತಾಡುತ್ತಾನೆ. ಸೈಟ್‌ಗಳನ್ನು ಓದಿದ್ದರೆ ಆ ದನಿಗಳು ಯಾರವು ಅಂತ ಗೊತ್ತಾಗುತ್ತದೆ.

@ಕಪ್ಪುಬಿಲ್ಲೆ, ನಿಮ್ಮ ಸಿಡಿ ಮೇಲಿನ ಅಂಕಿಗಳನ್ನು ನಾನು ಬಿಡಿಸಿ ಹೇಳುವುದಿಲ್ಲ. ಸೊನ್ನೆ ಮತ್ತು ಒಂದು ಮಾತ್ರ ಇವೆ ಅಲ್ವಾ? ಅಷ್ಟು ಸುಳಿವು ಸಾಕು. ಬೇರೆ ಯಾರೂ ಹೇಳಬೇಡಿ ದಯವಿಟ್ಟು.

ಲೆಕ್ಕದಪುಸ್ತಕ

ಕಥೆ ಚೆನ್ನಾಗಿದೆ. ಆದರೆ ಮೂಲ ಪ್ರಶ್ನೆಗೆ ಉತ್ತರ ಬರಲಿಲ್ಲ. ನಾನು ಹತ್ತು ವರ್ಷ ಜಾಹೀರಾತು ಕ್ಷೇತ್ರದಲ್ಲಿ ಇದ್ದವನು, ನೇರವಾಗಿ ಹೇಳುತ್ತೇನೆ. ಇದು ಜಾಹೀರಾತು. ಇದನ್ನು ಕಟ್ಟಿದ್ದು 42 ಎಂಟರ್‌ಟೇನ್‌ಮೆಂಟ್ ಅನ್ನುವ ಸಂಸ್ಥೆ. ಅವರೇ 2004ರಲ್ಲಿ ಹೇಲೋ 2 ವಿಡಿಯೋ ಗೇಮ್ ಬರುವ ಮುಂಚೆ ಐ ಲವ್ ಬೀಸ್ ಅನ್ನುವ ಇಂಥದ್ದೇ ಆಟ ಮಾಡಿದ್ದರು. ಅದರಲ್ಲಿ ಜನ ಊರೂರಿನ ಪೇ ಫೋನ್‌ಗಳ ಹತ್ತಿರ ಹೋಗಿ ಕಾಯುತ್ತಿದ್ದರು. ಆಮೇಲೆ ದ ಡಾರ್ಕ್ ನೈಟ್ ಸಿನಿಮಾಗೂ ಮಾಡಿದರು. ಇಯರ್ ಝೀರೋ ಕೆಲಸಕ್ಕೆ 2008ರಲ್ಲಿ ಕಾನ್ ಜಾಹೀರಾತು ಉತ್ಸವದಲ್ಲಿ ಸೈಬರ್ ವಿಭಾಗದ ಗ್ರ್ಯಾಂಡ್ ಪ್ರಿ ಬಂತು. ಜಾಹೀರಾತು ಅಲ್ಲದಿದ್ದರೆ ಜಾಹೀರಾತು ಪ್ರಶಸ್ತಿ ಯಾಕೆ ಬರುತ್ತದೆ?

ಕೆಟ್ಟದ್ದು ಅಂತ ಹೇಳುತ್ತಿಲ್ಲ. ಒಳ್ಳೆಯ ಕೆಲಸ. ಆದರೆ ಹೆಸರು ಬದಲಾಯಿಸಬೇಡಿ.

ಹಳೇವಾಕ್‌ಮನ್

@ಲೆಕ್ಕದಪುಸ್ತಕ ಪ್ರಶಸ್ತಿ ಯಾರು ಕೊಟ್ಟರು ಅನ್ನುವುದರಿಂದ ಕೆಲಸ ಏನು ಅಂತ ತೀರ್ಮಾನ ಆಗುತ್ತದಾ? ಬ್ಯಾಂಡಿನ ಮುಖ್ಯಸ್ಥ ಟ್ರೆಂಟ್ ರೆಜ್ನರ್ ಆಗಲೇ ಇದನ್ನು ಮಾರ್ಕೆಟಿಂಗ್ ಅಂತ ಕರೆಯಬೇಡಿ ಅಂತ ಅಭಿಮಾನಿಗಳಿಗೆ ಬರೆದಿದ್ದರು. ಕಥೆ ಮೊದಲು ಹುಟ್ಟಿತು, ಅದನ್ನು ಹೇಳಲು ಹಾಡು ಒಂದು ದಾರಿ, ಸೈಟ್‌ಗಳು ಇನ್ನೊಂದು ದಾರಿ ಅನ್ನುವುದು ಅವರ ವಾದ. ಆಟದ ಖರ್ಚನ್ನೂ ತಾವೇ ಹಾಕಿದ್ದಾಗಿ ಹೇಳಿದ್ದಾರೆ.

ರೆಕಾರ್ಡ್ ಕಂಪನಿ ಜೊತೆ ಅವರು ಎಷ್ಟು ಜಗಳ ಆಡಿದರು ಗೊತ್ತಲ್ವಾ? ಅದೇ ವರ್ಷ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದಲ್ಲಿ ಈ ಸಿಡಿಗೆ 34.99 ಡಾಲರ್ ಬೆಲೆ ಇಟ್ಟಿದ್ದನ್ನು ನೋಡಿ ಸಿಟ್ಟಾಗಿ ಬರೆದರು. ನಿಜವಾದ ಅಭಿಮಾನಿಗಳು ಎಷ್ಟಾದರೂ ಕೊಟ್ಟು ತಗೋತಾರೆ ಅನ್ನುವ ಉತ್ತರ ಕಂಪನಿಯ ಕಡೆಯಿಂದ ಬಂದಿತ್ತಂತೆ. ಅದೇ ವರ್ಷ ಸಿಡ್ನಿಯಲ್ಲಿ ವೇದಿಕೆ ಮೇಲೆ ನಿಂತು ಕದ್ದಾದರೂ ಕೇಳಿ ಅಂದರು. ಅಕ್ಟೋಬರ್‌ನಲ್ಲಿ ಕಂಪನಿಯಿಂದಲೇ ಹೊರಬಂದರು. ಬರೀ ಮಾರಾಟವೇ ಬೇಕಾಗಿದ್ದರೆ ಹೀಗೆ ಯಾರಾದರೂ ಮಾಡುತ್ತಾರಾ?

ಲೆಕ್ಕದಪುಸ್ತಕ

ಸರಿ, ಸ್ವಂತ ಖರ್ಚಿನಲ್ಲಿ ಮಾಡಿದ ಜಾಹೀರಾತು. ಅಂಗಡಿಯವನು ಸ್ವಂತ ದುಡ್ಡಲ್ಲಿ ಬೋರ್ಡ್ ಬರೆಸಿದರೂ ಅದು ಬೋರ್ಡೇ.

ಶ್ರುತಿಪೆಟ್ಟಿಗೆ

ಇಬ್ಬರೂ ಸ್ವಲ್ಪ ನಿಲ್ಲಿ. ಹಾಡಿನ ಒಳಗೇ ಏನಿತ್ತು ಅಂತ ಯಾರೂ ಹೇಳುತ್ತಿಲ್ಲ. ನಾನು ಸೌಂಡ್ ರೆಕಾರ್ಡಿಂಗ್ ಕಲಿಸುತ್ತೇನೆ. ಪ್ರತಿ ವರ್ಷ ಹೊಸ ಬ್ಯಾಚ್‌ಗೆ ಈ ಆಲ್ಬಂ ತೋರಿಸುತ್ತೇನೆ. ಕೇಳಿಸುತ್ತೇನೆ ಅಂತಲ್ಲ, ತೋರಿಸುತ್ತೇನೆ.

ಲಿಸ್ಬನ್‌ನಲ್ಲಿ ಸಿಕ್ಕ ಹಾಡಿನ ಕೊನೆಯಲ್ಲಿ ಗರಗರ ಅನ್ನುವ ಸದ್ದು ಬರುತ್ತದೆ. ಹಳೇ ರೇಡಿಯೋದಲ್ಲಿ ಸ್ಟೇಷನ್ ತಪ್ಪಿದಾಗ ಬರುತ್ತಲ್ಲ, ಹಾಗೆ. ಬೇರೆ ಯಾರಾದರೂ ಆಗಿದ್ದರೆ ಫೈಲ್ ಕೆಟ್ಟಿದೆ ಅಂತ ಬಿಡುತ್ತಿದ್ದರು. ಕೆಲವರು ಅದನ್ನು ಸ್ಪೆಕ್ಟ್ರೋಗ್ರಾಮ್‌ಗೆ ಹಾಕಿದರು. ಸ್ಪೆಕ್ಟ್ರೋಗ್ರಾಮ್ ಅಂದರೆ ಸದ್ದಿನ ಚಿತ್ರ. ಎಡದಿಂದ ಬಲಕ್ಕೆ ಕಾಲ ಓಡುತ್ತದೆ. ಕೆಳಗೆ ಮಂದ್ರ, ಮೇಲೆ ತಾರ. ಸದ್ದು ಎಲ್ಲಿ ಜೋರೋ ಅಲ್ಲಿ ಹೊಳಪು ಜಾಸ್ತಿ. ಆ ಗರಗರವನ್ನು ಹಾಗೆ ನೋಡಿದರೆ ಮೇಲಿನಿಂದ ಕೆಳಗೆ ಚಾಚಿದ ಕೈ ಕಾಣುತ್ತದೆ! ಅದೇ ಕೈ ಆಲ್ಬಂ ಕವರ್ ಮೇಲೂ ಇದೆ. ಕಥೆಯಲ್ಲಿ ಅದಕ್ಕೆ ದ ಪ್ರೆಸೆನ್ಸ್ ಅಂತ ಹೆಸರು. ಬಾರ್ಸಿಲೋನಾದ ಯುಎಸ್‌ಬಿಯಲ್ಲಿ ಹಾಡಿನ ಜೊತೆ ಬರೀ ಗರಗರದ ಇನ್ನೊಂದು ಫೈಲ್ ಇತ್ತು. ಅದನ್ನು ಚಿತ್ರ ಮಾಡಿದರೆ ಫೋನ್ ನಂಬರ್!

ಇದನ್ನು ಮಾಡುವುದು ಕಷ್ಟವಲ್ಲ. ಚಿತ್ರದ ಒಂದೊಂದು ಚುಕ್ಕೆಗೂ ಒಂದೊಂದು ಕಂಪನಾಂಕ ಕೊಟ್ಟು ಸದ್ದು ಹುಟ್ಟಿಸುವ ಸಾಫ್ಟ್‌ವೇರ್‌ಗಳಿವೆ. 1999ರಲ್ಲೇ ಎಲೆಕ್ಟ್ರಾನಿಕ್ ಸಂಗೀತಗಾರ ಏಫೆಕ್ಸ್ ಟ್ವಿನ್ ತಮ್ಮ ಮುಖವನ್ನೇ ಒಂದು ಟ್ರ್ಯಾಕ್‌ನಲ್ಲಿ ಹೀಗೆ ಬಚ್ಚಿಟ್ಟಿದ್ದರು. ನನಗೆ ಇಷ್ಟವಾಗಿದ್ದು ಬೇರೆ. ಇಯರ್ ಝೀರೋ ಪೂರ್ತಿ ಇಂಥ ಕೆಟ್ಟ, ಒಡೆದ, ಸೀಳುವ ಸದ್ದುಗಳಿಂದಲೇ ಕಟ್ಟಿದ ಆಲ್ಬಂ. ಆ ಸದ್ದಿನ ಒಳಗೆ ಏನೋ ಇದೆ, ಯಾರೋ ಮಾತಾಡಲು ನೋಡುತ್ತಿದ್ದಾರೆ ಅನ್ನುವ ಭಾವನೆ ಹಾಡು ಕೇಳುವಾಗಲೇ ಬರುತ್ತದೆ. ಒಗಟು ಅದನ್ನೇ ನಿಜ ಮಾಡಿತು. ಹೊರಗಿನಿಂದ ಅಂಟಿಸಿದ ಬೋರ್ಡ್ ಹೀಗೆ ಮಾಡಲು ಸಾಧ್ಯವಿಲ್ಲ ಸಾರ್.

ದಾಸವಾಳ

ಈಗಷ್ಟೇ ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿದೆ. ಕೈ ಕಂಡಿತು. ಮೈ ಜುಮ್ ಅಂತು.

ಕೊಲ್ಲಿಕನ್ನಡಿಗ

ಆಫೀಸಿನಲ್ಲಿ ಕೂತು ಓದುತ್ತಿದ್ದೇನೆ, ಕೆಲಸ ನಿಂತಿದೆ. ಮುಂದುವರಿಸಿ.

ಸ್ಯಾನ್‌ಹೊಸೆಸೀನ

ನಾನು ಆಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದೆ. ಸಿಡಿ ಬಿಡುಗಡೆ ಆಗಿದ್ದು 2007ರ ಏಪ್ರಿಲ್ 17ಕ್ಕೆ. ಅದರ ಕವರ್ ಮೇಲೆ ಸರ್ಕಾರದ ಎಚ್ಚರಿಕೆಯ ಹಾಗೆ ಒಂದು ಬರಹ, ಜೊತೆಗೆ ಫೋನ್ ನಂಬರ್. ರೂಮ್‌ಮೇಟ್ ಮಲಗಿದ ಮೇಲೆ ಲೈಟ್ ಆರಿಸಿ ಫೋನ್ ಮಾಡಿದೆ. ಗಂಭೀರವಾದ ದನಿ. ಈ ನಂಬರ್‌ಗೆ ಕರೆ ಮಾಡಿದ್ದರಿಂದ ನೀವೂ ನಿಮ್ಮ ಮನೆಯವರೂ ದೇಶವಿರೋಧಿ ಹಾಡು ಕೇಳಿದ ತಪ್ಪನ್ನು ಒಪ್ಪಿಕೊಂಡ ಹಾಗೆ, ನಿಮ್ಮ ಹೆಸರು ಪಟ್ಟಿಗೆ ಸೇರಿತು ಅನ್ನುವ ಅರ್ಥದಲ್ಲಿ ಹೇಳಿತು.

ಆಟ ಅಂತ ಗೊತ್ತಿತ್ತು. ಆದರೂ ಕೈ ತಣ್ಣಗಾಯಿತು. ಸ್ಟೂಡೆಂಟ್ ವೀಸಾದ ಮೇಲೆ ಇದ್ದವನು ನಾನು. ಆ ಕಾಲದಲ್ಲಿ ಅಲ್ಲಿ ನಮ್ಮ ಬಣ್ಣದವರನ್ನು ಏರ್‌ಪೋರ್ಟ್‌ನಲ್ಲಿ ಹೇಗೆ ನೋಡುತ್ತಿದ್ದರು ಅಂತ ಅನುಭವಿಸಿದವರಿಗೆ ಗೊತ್ತು. "ನಿಮ್ಮ ಮನೆಯವರೂ" ಅನ್ನುವ ಮಾತು ಕೇಳಿದ ತಕ್ಷಣ ಹಾಸನದಲ್ಲಿದ್ದ ಅಮ್ಮ ನೆನಪಾದರು. ಅಲ್ಲಿಯವರೆಗೆ ಅದು ಬೇರೆ ಯಾರದೋ ದೇಶದ ಕಥೆ ಆಗಿತ್ತು. ಆ ಒಂದು ಕರೆ ಆದಮೇಲೆ ಹಾಡುಗಳು ಬೇರೆಯೇ ಕೇಳಿಸಿದವು.

@ಲೆಕ್ಕದಪುಸ್ತಕ ನಾನು ಆಗಲೇ ಸಿಡಿ ತಗೊಂಡಾಗಿತ್ತು. ಅವರಿಗೆ ನನಗೆ ಮಾರಲು ಏನೂ ಉಳಿದಿರಲಿಲ್ಲ. ಆದರೂ ಆಟ ನಿಲ್ಲಲಿಲ್ಲ ನೋಡಿ.

ಲೆಕ್ಕದಪುಸ್ತಕ

ಇದು ಒಳ್ಳೆಯ ಪಾಯಿಂಟ್. ಒಪ್ಪುತ್ತೇನೆ, ಮಾರಾಟ ಮುಗಿದ ಮೇಲೂ ನಡೆಯುವುದನ್ನು ಜಾಹೀರಾತು ಅಂತ ಕರೆಯುವುದು ಕಷ್ಟ. ಯೋಚಿಸಿ ಬರುತ್ತೇನೆ.

ಪೇಡಾನಗರಿ

ಅಲ್ರೀ, ಎಲ್ಲಾರೂ 2007 ಅಂತೀರಿ, ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಮರತ್ರೇನು? 1994ರಲ್ಲೇ ಇಂಥದ್ದು ಆಗಿದೆ. ದ ಡಿವಿಷನ್ ಬೆಲ್ ಆಲ್ಬಂ ಬಂದ ಮೇಲೆ ಆಗಿನ ಇಂಟರ್ನೆಟ್ ಚರ್ಚಾಕೂಟ ಯೂಸ್‌ನೆಟ್‌ನಲ್ಲಿ ಪಬ್ಲಿಯಸ್ ಅನ್ನುವ ಹೆಸರಿನಲ್ಲಿ ಯಾರೋ ಬರೆಯತೊಡಗಿದರು. ಈ ಆಲ್ಬಂನಲ್ಲಿ ಒಂದು ಒಗಟಿದೆ, ಬಿಡಿಸಿದವರಿಗೆ ಬಹುಮಾನ ಇದೆ ಅಂತ. ಜನ ನಂಬಲಿಲ್ಲ. ಹಾಗಾದರೆ ಇಂಥ ದಿನ ಇಂಥ ಊರಿನಲ್ಲಿ ಸಾಕ್ಷಿ ಕೊಡುತ್ತೇನೆ ಅಂತ ಬರೆದರು. ಜುಲೈ 18ಕ್ಕೆ ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನಲ್ಲಿ ಕಾರ್ಯಕ್ರಮ ನಡೆಯುವಾಗ ವೇದಿಕೆಯ ಮುಂದಿನ ದೀಪಗಳು "ಎನಿಗ್ಮಾ ಪಬ್ಲಿಯಸ್" ಅಂತ ಹೊಳೆದವು!

ನಮ್ಮ ದೇಶದಲ್ಲಿ ಜನರಿಗೆ ಇಂಟರ್ನೆಟ್ ಬಂದಿದ್ದೇ 1995ರ ಆಗಸ್ಟ್ 15ಕ್ಕೆ, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್‌ನಿಂದ. ಅಂದರೆ ನಮಗೆ ಇಂಟರ್ನೆಟ್ ಸಿಗುವ ಮುಂಚೆಯೇ ಅಲ್ಲಿ ಈ ಆಟ ನಡೆದಿತ್ತು. ನಾನು ಇದನ್ನು ಓದಿದ್ದು ಎಷ್ಟೋ ವರ್ಷ ಆದ ಮೇಲೆ, ಧಾರವಾಡದ ಹಾಸ್ಟೆಲ್‌ನಲ್ಲಿ.

ಆದರ ನನಗ ಬೇಸರ ಏನಂದ್ರ, ಆ ಒಗಟು ಬಿಡಿಸಿದವರು ಯಾರೂ ಇಲ್ಲ. ಬಹುಮಾನ ಯಾರಿಗೂ ಸಿಗಲಿಲ್ಲ. ಆಮೇಲೆ ಡ್ರಮ್ಮರ್ ನಿಕ್ ಮೇಸನ್ ಇದು ರೆಕಾರ್ಡ್ ಕಂಪನಿಯವರ ಐಡಿಯಾ ಅಂತ ಹೇಳಿದರು. ಎಷ್ಟು ಜನ ಎಷ್ಟು ವರ್ಷ ಹಾಡಿನ ಸಾಲು ಸಾಲು ಹಿಡಿದು ಕೂತಿದ್ದರು! ಉತ್ತರವೇ ಇಲ್ಲದ ಒಗಟು ಹಾಕುವುದು ಕೇಳುಗರಿಗೆ ಮಾಡುವ ಮೋಸ. ಇಷ್ಟು ಹೇಳಲೇಬೇಕು.

ಹಳೇವಾಕ್‌ಮನ್

@ಪೇಡಾನಗರಿ ನೂರಕ್ಕೆ ನೂರು. ಇಯರ್ ಝೀರೋದಲ್ಲಿ ಹುಡುಕಿದವರಿಗೆ ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ವ್ಯಾನ್ ಬಂತು. ಅಲ್ಲಿ ಸೇರಿದ್ದವರಿಗೆ ಗುಂಡು ತುಂಬುವ ಲೋಹದ ಪೆಟ್ಟಿಗೆಗಳನ್ನು ಹಂಚಿತು. ಕೆಲವು ಪೆಟ್ಟಿಗೆಯಲ್ಲಿ ಮೊಬೈಲ್ ಫೋನ್. ಆಲ್ಬಂ ಬಂದ ಮರುದಿನ, 18ಕ್ಕೆ, ಆ ಫೋನ್‌ಗಳಿಗೆ ಕರೆ ಬಂತು. ಹೋದವರನ್ನು ಬಸ್ಸಿನಲ್ಲಿ ಒಂದು ಹಳೇ ಗೋದಾಮಿಗೆ ಕರೆದುಕೊಂಡು ಹೋದರು. ಪ್ರತಿರೋಧದ ಗುಂಪಿನ ಸಭೆ ಅಂತ ಭಾಷಣ ಆಯಿತು. ಆಮೇಲೆ ಎದುರಿಗೆ ನೈನ್ ಇಂಚ್ ನೇಲ್ಸ್! ಕೆಲವೇ ಜನರ ಮುಂದೆ ನುಡಿಸಿದರು. ಕೆಲವು ಹಾಡು ಆಗುವಷ್ಟರಲ್ಲಿ ಪೊಲೀಸ್ ವೇಷದ ಸ್ವಾಟ್ ತಂಡ ನುಗ್ಗಿ ಎಲ್ಲರನ್ನೂ ಹೊರಗೆ ಓಡಿಸಿತು. ಕಥೆ ಪ್ರಕಾರ ಹಾಗೇ ಆಗಬೇಕಿತ್ತು.

ನಾವು ನಾಲ್ಕು ಜನ ಬೆಂಗಳೂರಿನ ರೂಮಿನಲ್ಲಿ ಕೂತು ಮರುದಿನ ಇದನ್ನು ಓದಿದೆವು. ಹೊಟ್ಟೆಕಿಚ್ಚು ಆಯಿತು ಅಂತ ಹೇಳಬಹುದು. ಆದರೆ ಖುಷಿಯೂ ಆಯಿತು. ಅಲ್ಲಿ ಹೋದವರ ಹೆಸರುಗಳನ್ನು ಎರಡು ತಿಂಗಳಿಂದ ಓದಿ ಓದಿ ನಮ್ಮವರೇ ಆಗಿಬಿಟ್ಟಿದ್ದರು.

ಕರಾವಳಿಕಿವಿ

ಅದೇ ವರ್ಷ ಮಾರ್ಚ್ 17ಕ್ಕೆ ಬೆಂಗಳೂರು ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಿದ್ದರು ಮಾರಾಯ್ರೆ! ನಾನು ಮಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹೋಗಿದ್ದೆ. ವಾಕ್‌ಮನ್ ಅವರೇ, ನೀವು ಅಲ್ಲಿ ಇದ್ದಿರಾ?

ಹಳೇವಾಕ್‌ಮನ್

ಇರದೆ ಇರ್ತೀನಾ? ನಾಲ್ಕೂ ಜನ ಇದ್ದೆವು. ಮೂರು ದಿನ ಕಿವಿ ಗುಂಯ್ ಅನ್ನುತ್ತಿತ್ತು.

ಕರಾವಳಿಕಿವಿ

ಹಾಗಾದರೆ ಮೇಡನ್‌ದೂ ಒಂದು ಒಗಟು ಹೇಳುತ್ತೇನೆ. 2021ರಲ್ಲಿ ಅವರ ಗಾಯಕ ಬ್ರೂಸ್ ಡಿಕಿನ್ಸನ್ ಟಿವಿಗೆ ಸಂದರ್ಶನ ಕೊಟ್ಟರು. ಹಾಕಿದ್ದ ಟೀ ಶರ್ಟ್ ಮೇಲೆ ಬೆಲ್‌ಶಾಝರ್ಸ್ ಫೀಸ್ಟ್ ಅಂತ ಇತ್ತು. ಸಂಗೀತ ಉತ್ಸವಗಳ ಪೋಸ್ಟರ್‌ಗಳಲ್ಲೂ ಅದೇ ಹೆಸರು ಕಾಣತೊಡಗಿತು, ಜೊತೆಗೆ ಜುಲೈ 15 ಅನ್ನುವ ತಾರೀಕು. ಬೈಬಲ್ ಗೊತ್ತಿದ್ದವರಿಗೆ ಬೇಗ ಹೊಳೆಯಿತು. ಬೆಲ್‌ಶಾಝರ್ ರಾಜನ ಔತಣದಲ್ಲೇ ಗೋಡೆ ಮೇಲೆ ಕೈಯೊಂದು ಬರೆಯುವುದು. ಜುಲೈ 15ಕ್ಕೆ ಬಂದ ಹಾಡು ದ ರೈಟಿಂಗ್ ಆನ್ ದ ವಾಲ್. ನಾನು ಚರ್ಚ್‌ಗೆ ಹೋಗುವವನು. ಮಗಳಿಗೆ ಎರಡು ದಿನ ಮುಂಚೆಯೇ ಹೇಳಿದ್ದೆ, ಅವಳು ನಂಬಿರಲಿಲ್ಲ. ಆವತ್ತಿನ ಸಂತೋಷ ಕೇಳಬೇಡಿ.

ದಾಸವಾಳ

ಅಲ್ಲೂ ಕೈ, ಇಲ್ಲೂ ಕೈ. ನಮ್ಮ ಉಪೇಂದ್ರ ಅವರ 2010ರ ಸಿನಿಮಾಗೂ ಹೆಸರೇ ಬರೆದಿರಲಿಲ್ಲ, ಬೆರಳಿನ ಸನ್ನೆಯ ಚಿತ್ರ ಮಾತ್ರ. ಜನರೇ ಅದನ್ನು ಸೂಪರ್ ಅಂತ ಓದಿಕೊಂಡರು.

ಮುಂಗಾರುಮೌನ

ಎಲ್ಲರೂ ಜೋರು ಒಗಟುಗಳ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಎಲ್ಲಕ್ಕಿಂತ ಇಷ್ಟ ಬ್ರಿಟನ್ನಿನ ರೇಡಿಯೋಹೆಡ್ ಬ್ಯಾಂಡ್ 2016ರಲ್ಲಿ ಮಾಡಿದ್ದು. ಅವರು ಏನನ್ನೂ ಬಚ್ಚಿಡಲಿಲ್ಲ. ತಾವೇ ಮಾಯವಾದರು.

ಏಪ್ರಿಲ್ ಕೊನೆಗೆ ಬ್ರಿಟನ್‌ನ ಕೆಲವು ಅಭಿಮಾನಿಗಳ ಮನೆಗೆ ಅಂಚೆಯಲ್ಲಿ ಒಂದು ಚೀಟಿ ಬಂತು. "ಬರ್ನ್ ದ ವಿಚ್" ಅನ್ನುವ ಮಾತು, ಜೊತೆಗೆ ನೀವು ಎಲ್ಲಿದ್ದೀರಿ ಅಂತ ನಮಗೆ ಗೊತ್ತು ಅನ್ನುವ ಸಾಲು. ಮೇ 1ಕ್ಕೆ ಅವರ ವೆಬ್‌ಸೈಟ್ ನಿಧಾನಕ್ಕೆ ಬಿಳಚಿಕೊಳ್ಳುತ್ತಾ ಬಂದು ಕೊನೆಗೆ ಖಾಲಿ ಬಿಳಿ ಪುಟ ಆಯಿತು. ಟ್ವಿಟರ್, ಫೇಸ್‌ಬುಕ್ ಪೋಸ್ಟ್‌ಗಳೆಲ್ಲ ಅಳಿಸಿಹೋದವು. ಮೇ 3ಕ್ಕೆ ಒಂದು ಪುಟ್ಟ ಬೊಂಬೆ ಹಕ್ಕಿ ಕೂಗುವ ಚಿಕ್ಕ ವಿಡಿಯೋ. ಅದೇ ದಿನ ಬರ್ನ್ ದ ವಿಚ್ ಹಾಡು. ಮೇ 6ಕ್ಕೆ ಡೇಡ್ರೀಮಿಂಗ್. ಮೇ 8ಕ್ಕೆ ಪೂರ್ತಿ ಆಲ್ಬಂ, ಎ ಮೂನ್ ಶೇಪ್ಡ್ ಪೂಲ್.

ಆ ವಾರ ನಾನು ಶಿವಮೊಗ್ಗದಲ್ಲಿ ಅಜ್ಜಿಯ ಆರೈಕೆಗೆ ಇದ್ದೆ. ಮಾತು ಕಡಿಮೆ ಆಗುತ್ತಾ ಬಂದಿದ್ದ ಮನೆ ಅದು. ಆ ಬಿಳಿ ಪುಟ ನೋಡಿದಾಗ ಏನೋ ಗಂಟಲು ಕಟ್ಟಿತು. ಆಲ್ಬಂ ಬಂದಮೇಲೆ ಕೊನೆಯ ಹಾಡು ಟ್ರೂ ಲವ್ ವೇಟ್ಸ್ ಕೇಳಿದೆ. ಅದನ್ನು ಅವರು 1995ರಿಂದ ವೇದಿಕೆ ಮೇಲೆ ಹಾಡುತ್ತಿದ್ದರು, ಸ್ಟುಡಿಯೋದಲ್ಲಿ ಮಾಡಿ ಆಲ್ಬಂಗೆ ಹಾಕಲು ಇಪ್ಪತ್ತು ವರ್ಷ ಮೇಲಾಯಿತು. ಮರೆಯಾಗುವುದೇ ಆ ಆಲ್ಬಂನ ವಿಷಯ. ಮೊದಲ ಹಾಡು ಬರುವ ಮುಂಚೆಯೇ ಅವರು ಅದನ್ನು ಹೇಳಿಬಿಟ್ಟಿದ್ದರು.

ಲೆಕ್ಕದಪುಸ್ತಕ

ಇದಂತೂ ಖರ್ಚೇ ಇಲ್ಲದ ಕೆಲಸ. ಒಂದು ಮಾತು ಸೇರಿಸುತ್ತೇನೆ. ಇದು ರೇಡಿಯೋಹೆಡ್‌ಗೆ ಮಾತ್ರ ಸಾಧ್ಯ. ಹೊಸ ಬ್ಯಾಂಡ್ ತನ್ನ ಪೇಜ್ ಅಳಿಸಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. 2016ರ ನಂತರ ಎಷ್ಟು ಜನ ಇದನ್ನೇ ಕಾಪಿ ಮಾಡಿದರು! ಈಗ ಯಾರಾದರೂ ಪ್ರೊಫೈಲ್ ಖಾಲಿ ಮಾಡಿದರೆ ಮುಂದಿನ ಶುಕ್ರವಾರ ಹಾಡು ಬರುತ್ತದೆ ಅಂತ ಮಕ್ಕಳಿಗೂ ಗೊತ್ತು.

ಹಳದಿಟೇಪು

ನನಗೆ 19 ವರ್ಷ, ಇಲ್ಲಿ ಎಲ್ಲರಿಗಿಂತ ಚಿಕ್ಕವಳು ಅನಿಸುತ್ತೆ. ನಮ್ಮ ಕಾಲದ್ದೂ ಹೇಳಬೇಕು ಅಲ್ವಾ? ಟ್ವೆಂಟಿ ಒನ್ ಪೈಲಟ್ಸ್ ಅನ್ನುವ ಅಮೆರಿಕದ ಬ್ಯಾಂಡ್. 2017ರ ಜುಲೈನಲ್ಲಿ ಅವರ ಪೋಸ್ಟ್‌ಗಳಲ್ಲಿ ಒಂದು ಕೆಂಪು ಕಣ್ಣು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಹೋಯಿತು. ಆಮೇಲೆ ಒಂದು ವರ್ಷ ಮೌನ. 2018ರಲ್ಲಿ ಅಭಿಮಾನಿಗಳಿಗೆ ಒಂದು ಗುಪ್ತ ವೆಬ್‌ಸೈಟ್ ಸಿಕ್ಕಿತು. ಅದರಲ್ಲಿ ಕ್ಲಾನ್ಸಿ ಅನ್ನುವವನು ಬರೆದ ಪತ್ರಗಳು. ಅವನು ಡೀಮಾ ಅನ್ನುವ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಒಂಬತ್ತು ಬಿಷಪ್‌ಗಳು ಆ ಊರು ಆಳುತ್ತಾರೆ. ಅವರಿಗೆ ಹಳದಿ ಬಣ್ಣ ಕಾಣುವುದಿಲ್ಲ. ತಪ್ಪಿಸಿಕೊಳ್ಳುವವರು ಬಟ್ಟೆ ಮೇಲೆ ಹಳದಿ ಟೇಪು ಅಂಟಿಸಿಕೊಳ್ಳುತ್ತಾರೆ. ಆ ಅಕ್ಟೋಬರ್‌ನಲ್ಲಿ ಟ್ರೆಂಚ್ ಆಲ್ಬಂ ಬಂತು. 2024ರಲ್ಲಿ ಕ್ಲಾನ್ಸಿ ಹೆಸರಿನದೇ ಆಲ್ಬಂ.

ನಾನು ಇದನ್ನು ತಡವಾಗಿ ಕಂಡುಕೊಂಡೆ, ಪಿಯುಸಿಯಲ್ಲಿ. ಆಗ ನನ್ನ ಮನಸ್ಸು ಸರಿ ಇರಲಿಲ್ಲ. ಆ ಊರಿನಿಂದ ಓಡಿಹೋದವನು ಮತ್ತೆ ಮತ್ತೆ ಸಿಕ್ಕಿಬೀಳುವುದು, ಮತ್ತೆ ತಪ್ಪಿಸಿಕೊಳ್ಳುವುದು, ಅದು ನನ್ನದೇ ಕಥೆ ಅನಿಸಿತು. ಬ್ಯಾಗ್‌ಗೆ ಹಳದಿ ಟೇಪು ಅಂಟಿಸಿದ್ದೆ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳು ಹುಡುಗಿ ಅದನ್ನು ನೋಡಿ ತನ್ನ ನೋಟ್‌ಬುಕ್ ತಿರುಗಿಸಿ ತೋರಿಸಿದಳು. ಅವಳದಕ್ಕೂ ಟೇಪು! ಇವತ್ತಿಗೂ ನಾವು ಗೆಳತಿಯರು. ಜಾಹೀರಾತು ಅಂತ ಯಾರಾದರೂ ಹೇಳಿದರೆ ನನಗೆ ಬೇಜಾರಾಗುತ್ತದೆ.

ಸ್ಯಾನ್‌ಹೊಸೆಸೀನ

@ಹಳದಿಟೇಪು ಬರೆದಿದ್ದು ತುಂಬಾ ಒಳ್ಳೆಯದಾಯಿತು ತಂಗಿ. ಈಗ ಆರಾಮಾಗಿದ್ದೀಯಾ?

ಹಳದಿಟೇಪು

ಹ್ಞೂಂ ಅಣ್ಣ, ಈಗ ಚೆನ್ನಾಗಿದ್ದೇನೆ. ಸಹಾಯ ತಗೊಂಡೆ. ಥ್ಯಾಂಕ್ಸ್.

ನೀರಿನಟ್ಯಾಂಕು

ನಾನು ಬೇರೆ ಒಂದು ಮಾತು ಎತ್ತುತ್ತೇನೆ, ಕೆಲವರಿಗೆ ಇಷ್ಟ ಆಗದಿರಬಹುದು. ನಾನು ನೀರು ಸರಬರಾಜು ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ಸರ್ಕಾರ ನೀರಿಗೆ ಔಷಧ ಬೆರೆಸುತ್ತಿದೆ ಅನ್ನುವ ಪುಟ ಇವತ್ತು ಯಾರಾದರೂ ಹಾಕಿದರೆ ಏನಾಗುತ್ತದೆ ಯೋಚಿಸಿ. ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ. ಎರಡನೇ ಗ್ರೂಪ್ ತಲುಪುವಷ್ಟರಲ್ಲಿ ಬ್ಯಾಂಡ್, ಆಲ್ಬಂ ಎಲ್ಲ ಮರೆತು "ದಯವಿಟ್ಟು ಎಲ್ಲರಿಗೂ ತಿಳಿಸಿ" ಅಂತ ಆಗಿರುತ್ತದೆ. ಕೋವಿಡ್ ಕಾಲದಲ್ಲಿ ನಮ್ಮ ಸಂಬಂಧಿಕರೇ ಇಂಥ ಮೆಸೇಜ್ ನಂಬಿ ವ್ಯಾಕ್ಸಿನ್ ಬೇಡ ಅಂದರು. ನೀರಿಗೆ ಕ್ಲೋರಿನ್ ಹಾಕುವುದೇ ವಿಷ ಅಂತ ಜನ ನನ್ನ ಜೊತೆ ಜಗಳ ಆಡಿದ್ದಾರೆ.

ಈ ಆಟಗಳ ಮುಖ್ಯ ನಿಯಮವೇ ಇದು ಆಟ ಅಂತ ಎಲ್ಲೂ ಹೇಳದಿರುವುದು. 2007ಕ್ಕೆ ಅದು ಸರಿ ಇದ್ದಿರಬಹುದು. ಈಗ ನನಗೆ ಭಯ ಆಗುತ್ತದೆ.

ಶ್ರುತಿಪೆಟ್ಟಿಗೆ

@ನೀರಿನಟ್ಯಾಂಕು ಇದು ನಾನು ಯೋಚಿಸದೇ ಇದ್ದ ವಿಷಯ. ಆದರೆ ವ್ಯತ್ಯಾಸ ನೋಡಿ. ಇಯರ್ ಝೀರೋ ಪುಟ ತಲುಪಬೇಕಾದರೆ ಟೀ ಶರ್ಟ್ ಓದಬೇಕಿತ್ತು, ಸದ್ದನ್ನು ಚಿತ್ರ ಮಾಡಬೇಕಿತ್ತು. ಹುಡುಕಿಕೊಂಡು ಹೋದವರಿಗೆ ಮಾತ್ರ ಸಿಗುತ್ತಿತ್ತು. ಹೋದವರು ಕೂತು ಪರೀಕ್ಷೆ ಮಾಡುತ್ತಿದ್ದರು, ಇದು ನಿಜವಾ, ಯಾರು ಬರೆದದ್ದು, ಯಾಕೆ ಅಂತ. ವಾಟ್ಸಾಪ್ ಮೆಸೇಜ್ ತಾನಾಗಿಯೇ ಮನೆಗೆ ಬರುತ್ತದೆ, ಯಾರೂ ಪರೀಕ್ಷೆ ಮಾಡುವುದಿಲ್ಲ.

ನೀರಿನಟ್ಯಾಂಕು

ಹುಡುಕಿದವರು ಪರೀಕ್ಷೆ ಮಾಡುತ್ತಾರೆ, ಸರಿ. ಅವರು ಹಂಚಿದ ಮೇಲೆ ಮುಂದಿನವರು ಮಾಡುವುದಿಲ್ಲವಲ್ಲ. ನಾನು ಪೂರ್ತಿ ಒಪ್ಪಲಾರೆ. ಊರು ಸುಳ್ಳು, ವರ್ಷ ಸುಳ್ಳು ಅಂತ ನೋಡಿದ ತಕ್ಷಣ ಗೊತ್ತಾಗುವ ಹಾಗಿದ್ದರೆ, ಆ ಡೀಮಾ ಊರಿನ ಹಾಗೆ, ನನ್ನದೇನೂ ತಕರಾರಿಲ್ಲ.

ಹಳೇವಾಕ್‌ಮನ್

ಈ ಮಾತಿನಲ್ಲಿ ನ್ಯಾಯ ಇದೆ. 2022 ಬಂದಾಗ ನಾನು ಆಲ್ಬಂ ಮತ್ತೆ ಕೇಳಿದೆ. ಆಗ ದೂರದ ಭವಿಷ್ಯ ಅನಿಸಿದ್ದ ವರ್ಷ ಅದು. ಜನ ಯಾವುದನ್ನು ನಂಬಬೇಕು ಅಂತ ಗೊತ್ತಾಗದೆ ಒದ್ದಾಡುತ್ತಾರೆ ಅನ್ನುವುದು ಮಾತ್ರ ಅದರಲ್ಲಿ ಸರಿಯಾಗಿ ಬಂದಿದೆ. ಮೊದಲ ವೆಬ್‌ಸೈಟಿನ ಹೆಸರೇ ನಂಬಲು ಪ್ರಯತ್ನಿಸುತ್ತಿದ್ದೇನೆ ಅಂತ ಅಲ್ವಾ.

ಲೆಕ್ಕದಪುಸ್ತಕ

ಯೋಚಿಸಿದೆ. ನನ್ನ ಮಾತು ಸ್ವಲ್ಪ ಬದಲಾಯಿಸುತ್ತೇನೆ. ತಾರೀಕು ಗೊತ್ತಾದ ತಕ್ಷಣ ಸಾಯುವುದು ಜಾಹೀರಾತು. ಮೇಡನ್ ಟೀ ಶರ್ಟ್ ಅಂಥದ್ದು. ಚೆನ್ನಾಗಿದೆ, ಕೆಲಸ ಮುಗಿಯಿತು. ಇಯರ್ ಝೀರೋ 18 ವರ್ಷ ಕಳೆದ ಮೇಲೂ ಮೈಸೂರಿನ ಅಟ್ಟದಿಂದ ಇಳಿದು ಒಬ್ಬರನ್ನು ಹೆದರಿಸುತ್ತದೆ ಅಂದರೆ ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ. ಕಾನ್ ಪ್ರಶಸ್ತಿ ಮಾತ್ರ ವಾಪಸ್ ಕೊಡಬೇಕಿಲ್ಲ.

ಕರಾವಳಿಕಿವಿ

ಮೇಡನ್ ಬಗ್ಗೆ ಹಾಗೆ ಹೇಳಬೇಡಿ ಮಾರಾಯ್ರೆ, ನನ್ನ ಮಗಳು ಈಗಲೂ ಆ ಕಥೆ ಕೇಳುತ್ತಾಳೆ.

ಶ್ರುತಿಪೆಟ್ಟಿಗೆ

ಇನ್ನೊಂದು ಮರೆತಿದ್ದೆ. ರೆಜ್ನರ್ ಈ ಆಲ್ಬಂ ಹಾಡುಗಳ ಬೇರೆ ಬೇರೆ ಟ್ರ್ಯಾಕ್‌ಗಳನ್ನೇ ಬಿಡಿಸಿ ಕೊಟ್ಟಿದ್ದರು, ಯಾರು ಬೇಕಾದರೂ ರೀಮಿಕ್ಸ್ ಮಾಡಲಿ ಅಂತ. ಸರ್ವೈವಲಿಸಂ ಹಾಡಿನ ಡ್ರಮ್ಸ್ ಮಾತ್ರ ಬೇರೆ ಮಾಡಿ ಕೇಳಿ. ನನ್ನ ವಿದ್ಯಾರ್ಥಿಯೊಬ್ಬ ಅದಕ್ಕೆ ತಮಟೆ ಸೇರಿಸಿದ್ದ. ಎಷ್ಟು ಚೆನ್ನಾಗಿ ಕೂತಿತ್ತು!

ಪೇಡಾನಗರಿ

ತಮಟೆ ವರ್ಷನ್ ಎಲ್ಲೈತ್ರೀ? ಹಾಕ್ರಿ ಮೊದಲ!

ಕಪ್ಪುಬಿಲ್ಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಆಫೀಸ್ ಕೆಲಸದಲ್ಲಿ ಬರೆಯಲು ಆಗಲಿಲ್ಲ, ಆದರೆ ಪ್ರತಿಯೊಂದನ್ನೂ ಓದಿದೆ.

ನಿನ್ನೆ ರಾತ್ರಿ ಸಿಡಿ ಮತ್ತೆ ಹಾಕಿದೆ. ಬೆಳ್ಳಗಾದ ತಕ್ಷಣ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಈಗ ಪುಣೆಯಲ್ಲಿ ಇದ್ದಾಳೆ, ಚಿಕ್ಕ ಮಗು ಇದೆ. ಹಾಡು ಕೇಳಿ ಎಷ್ಟೋ ದಿನ ಆಯಿತು ಅಂದಳು. ನಾನು ಅಂಕಿ ಓದುತ್ತಾ ಹೋದೆ, ಅವಳು ಬರೆದುಕೊಳ್ಳುತ್ತಾ ಹೋದಳು. ಎಂಟೆಂಟು ಅಂಕಿಗೆ ಒಂದು ಅಕ್ಷರ. ನಡುವೆ ಬಿಲ್ಲೆ ತಣ್ಣಗಾಗಿ ಅಂಕಿ ಮಾಯವಾಯಿತು. ಮತ್ತೆ ಪ್ಲೇಯರ್‌ಗೆ ಹಾಕಿ ಎರಡು ಹಾಡು ಕಾದೆವು. ಫೋನಿನ ಎರಡೂ ಕಡೆ ಅದೇ ಹಾಡು.

ಹದಿನಾಲ್ಕು ಅಕ್ಷರ ಬಂತು. "ಎಕ್ಸ್‌ಟರ್ಮಿನಲ್ ಡಾಟ್ ನೆಟ್". ಇನ್ನೊಂದು ವೆಬ್‌ಸೈಟ್ ವಿಳಾಸ! ಅಕ್ಕ ಕಿರುಚಿದಳು, ಮಗು ಎದ್ದುಬಿಟ್ಟಿತು. ಅವಳಿಗೆ ಆಗಲೇ ಉತ್ತರ ಗೊತ್ತಿತ್ತಂತೆ, 2007ರಲ್ಲೇ ಓದಿದ್ದಳು. ಆದರೆ ಅವಳ ಹತ್ತಿರ ಆಗ ಸಿಡಿ ಇರಲಿಲ್ಲ. ಮಾವ ತಂದುಕೊಟ್ಟಿದ್ದು ಒಂದು ವರ್ಷ ಆದಮೇಲೆ. ಸ್ವಂತ ಕೈಯಲ್ಲಿ ಬಿಡಿಸಿದ್ದು ನಿನ್ನೆಯೇ ಮೊದಲು.

ಅಭಿಮಾನಿಗಳು ಉಳಿಸಿಟ್ಟಿರುವ ಹಳೇ ಪುಟಗಳನ್ನು ಭಾನುವಾರ ಇಬ್ಬರೂ ಒಟ್ಟಿಗೆ ಓದಲು ಕೂರುತ್ತೇವೆ. @ಹಳೇವಾಕ್‌ಮನ್, ಎಲ್ಲಿಂದ ಶುರು ಮಾಡಬೇಕು ಹೇಳಿ.

ಹಳೇವಾಕ್‌ಮನ್

ಟೀ ಶರ್ಟ್‌ನಿಂದ. ಪುಟಗಳನ್ನು ಸಿಕ್ಕ ಕ್ರಮದಲ್ಲೇ ಓದಿ, ಮುಂದಕ್ಕೆ ಹಾರಬೇಡಿ. ಹಸಿರು ಹೊಲದ ಪುಟ ಬಂದಾಗ ಅಕ್ಕನಿಗೆ ಮೌಸ್ ಕೊಡಿ. ಕ್ಯಾಲೆಂಡರ್ ಹಿಂದೆ ಬರೆದ ಪಟ್ಟಿ ನನ್ನ ಹತ್ತಿರ ಇನ್ನೂ ಇದೆ, ಇವತ್ತು ರಾತ್ರಿ ಫೋಟೋ ತೆಗೆದು ಹಾಕುತ್ತೇನೆ.